ಹಜಾರದ ವೀಣೆ

ಸಂಗೀತವು ಕಿವಿಗೆ ಮಾತ್ರ ಸೇರಿದ ಕಲೆಯೆಂದು ತಿಳಿದವರುಂಟು. ವೀಣೆಯ ಮಟ್ಟಿಗೆ ಇದು ಅರ್ಧಸತ್ಯ. ವೀಣಾವಾದನವು ಕೇಳತಕ್ಕುದಾಗಿರುವಂತೆಯೇ ಸಮೀಪದಲ್ಲಿ ಕುಳಿತು ನೋಡತಕ್ಕುದೂ ಆಗಿರುವುದು. ಕಾರ್ಯಾಂತರದಿಂದ ಮೈಸೂರಿಗೆ ಹೋಗಿದ್ದ ಪರಸ್ಥಳದ ರಸಿಕರೊಬ್ಬರಿಗೆ ಈಚೆಗೆ ಅಲ್ಲಿಯ ಮನೆಯೊಂದರ ಹಜಾರದಲ್ಲಿ ಈ ಮಾತು ಪ್ರತ್ಯಕ್ಷವಾಯಿತು. ಜಮಖಾನದ ಮೇಲೆ ಮೂವತ್ತು ನಲವತ್ತು ಮಂದಿ; ವೇದಿಕೆಯಿಲ್ಲ, ಧ್ವನಿವರ್ಧಕವಿಲ್ಲ.

ವೈಣಿಕರು ತೋಡಿಯನ್ನೆತ್ತಿಕೊಂಡರು. ಈ ರಾಗದ ಗಾಂಧಾರವು ಒಂದೆಡೆ ನಿಲ್ಲತಕ್ಕುದಲ್ಲ. ಕಂಪಿತವೇ ಅದರ ಜೀವ. ಎಡಗೈಯ ಬೆರಳು ಮೆಟ್ಟಿಲ ಮೇಲೆ ತಂತಿಯನ್ನು ಎಳೆದು ಬಿಡುವಾಗ, ಒಂದೇ ಮೀಟಿನಿಂದ ಹಲವು ಸ್ವರಗಳು ಹುಟ್ಟಿ, ಕಡೆಯದು ಮೌನದಲ್ಲಿ ಲೀನವಾಗುವುದನ್ನು ಕಣ್ಣೂ ಕಿವಿಯೂ ಕೂಡಿಯೇ ಗ್ರಹಿಸಿದುವು. ಸಾಮೀಪ್ಯವು ಗುಣದಂತೆ ದೋಷವನ್ನೂ ಬಯಲುಮಾಡಿತು. ತಾನದ ತ್ವರಿತ ಭಾಗದಲ್ಲಿ ತಾಳದ ತಂತಿಗಳ ಮೀಟು ಸ್ವರವನ್ನು ಮುಚ್ಚಿತು. ಸ್ವರಕಲ್ಪನೆಯ ವೇಳೆಗೆ ಕಾಲವು ಓಡತೊಡಗಿತು. ಆದರೂ ಆ ಆಲಾಪನೆಯ ಮುಂದೆ ಇವು ಅಲ್ಪದೋಷಗಳೇ ಸರಿ.

ಸ್ಥಳದ ಪ್ರಮಾಣಕ್ಕೂ ರಸಕ್ಕೂ ಸಂಬಂಧವುಂಟೆಂಬುದು ಹೊಸ ಮಾತಲ್ಲ. ಭರತಮುನಿಯು ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯದಲ್ಲಿ 108, 64, 32 ಹಸ್ತಗಳ ನಾಟ್ಯಮಂಡಪಗಳನ್ನು ಹೇಳಿ, ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಂಡಪವನ್ನೇ ವಿಧಿಸಿದನು. ಅದಕ್ಕಿಂತ ದೊಡ್ಡದಾದರೆ ನುಡಿಯು ಅಸ್ಪಷ್ಟವಾಗುವುದು, ಮುಖದ ಭಾವವು ಕಾಣದೆಹೋಗುವುದು ಎಂಬುದೇ ಅವನು ಕೊಟ್ಟ ಕಾರಣ. ನಟನ ಮುಖಕ್ಕೆ ಹೇಳಿದುದು ವೈಣಿಕನ ಬೆರಳಿಗೂ ಸಲ್ಲತಕ್ಕುದು.

ಇದರಿಂದ ದೊಡ್ಡ ಸಭಾಂಗಣಗಳು ನಿಷ್ಪ್ರಯೋಜಕವೆಂದು ತಿಳಿಯಬಾರದು. ಮೈಸೂರು ಟಿ. ಚೌಡಯ್ಯನವರು (1895–1967), ಧ್ವನಿವರ್ಧಕವು ಬಳಕೆಗೆ ಬಾರದಿದ್ದ ಕಾಲದಲ್ಲಿ, ಹಿಂದಿನ ಸಾಲಿಗೂ ನಾದವು ಮುಟ್ಟಲೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನು ಮೂರನ್ನು ಸೇರಿಸಿದರು. ಅವರ ಹೆಸರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಬೆಂಗಳೂರಿನಲ್ಲಿ 1980ರಲ್ಲಿ ತೆರೆದ ಸಭಾಂಗಣದಲ್ಲಿ ಸಾವಿರಾರು ಮಂದಿ ಸಂಗೀತವನ್ನು ಕೇಳಿರುವರು. ಇದು ಮಹೋಪಕಾರವೇ. ಆದರೆ ವೀಣೆಯ ವಿಷಯ ಬೇರೆ. ಧ್ವನಿವರ್ಧಕವು ಅದರ ಸೂಕ್ಷ್ಮನಾದವನ್ನು ಹಿಗ್ಗಿಸುವಾಗ ಮೀಟಿನ ಕಟುಧ್ವನಿಯನ್ನೂ ಹಿಗ್ಗಿಸುವುದು. ಕ್ಷೀಣಿಸುವ ಸ್ವರವನ್ನು ಶ್ರೋತೃವು ತಾನೇ ಹಿಂಬಾಲಿಸಿ ಹೋಗಬೇಕಾದ ಶ್ರಮವೂ, ಆ ಶ್ರಮದಲ್ಲಿರುವ ಸುಖವೂ ಅಲ್ಲಿ ತಪ್ಪುವುವು.

ಹಾಗಾದರೆ ಮೂವತ್ತು ಮಂದಿಯಿಂದ ವೈಣಿಕನ ಜೀವನವು ಸಾಗುವುದೆಂತು? ಈ ಪ್ರಶ್ನೆಯನ್ನು ಮರೆತು ಹಜಾರವನ್ನು ಹೊಗಳುವುದು ನ್ಯಾಯವಲ್ಲ. ವೀಣೆ ಶೇಷಣ್ಣನವರ (1852–1926) ಕಾಲದಲ್ಲಿ ವಿದ್ವಾಂಸರ ಯೋಗಕ್ಷೇಮವನ್ನು ಮೈಸೂರಿನ ಆಸ್ಥಾನವು ವಹಿಸಿದ್ದಿತು. ಸಣ್ಣ ಗೋಷ್ಠಿಯ ಹಿಂದೆ ದೊಡ್ಡದೊಂದು ಆಶ್ರಯವಿದ್ದಿತು. ಈಗ ಆ ಭಾರವು ಜಮಖಾನದ ಮೇಲೆ ಕುಳಿತವರದೇ ಆಗಿರುವುದು. ಆ ಸಂಜೆ ಬಾಗಿಲ ಬಳಿಯಿದ್ದ ತಟ್ಟೆಯಲ್ಲಿ ಕೆಲವರು ಕಾಣಿಕೆಯನ್ನಿಟ್ಟರು. ಮನಸಾರೆ ತಲೆದೂಗಿದ್ದ ಹಲವರು ಅದನ್ನು ಕಾಣದವರಂತೆ ಹೊರಟುಹೋದರು.

ಸಹೃದಯನಿಲ್ಲದೆ ರಸವಿಲ್ಲವೆಂದು ಆಲಂಕಾರಿಕರ ಮತ. ಸಹೃದಯನೆಂದರೆ ತಲೆದೂಗುವವನು ಮಾತ್ರವಲ್ಲ. ಕಲಾವಿದನು ಮರಳಿ ಬರುವಂತೆ ನೋಡಿಕೊಳ್ಳುವವನೂ ಅವನೇ. ಹಜಾರವುಳ್ಳ ಮನೆಗಳು ನಮ್ಮ ಊರುಗಳಲ್ಲಿಯೂ ಇವೆ. ಹತ್ತು ಮನೆಯವರು ಕೂಡಿ ಯೋಗ್ಯ ಸಂಭಾವನೆಯನ್ನು ಮೊದಲೇ ಒದಗಿಸಿ ವರ್ಷಕ್ಕೆರಡು ಸಂಜೆ ವೀಣೆಯನ್ನು ಬರಮಾಡಿಕೊಂಡರೆ, ಆ ಸುಖಕ್ಕಾಗಿ ನಗರದ ಪ್ರಯಾಣವನ್ನು ಕಾಯಬೇಕಾಗಿಲ್ಲ.