ಮಾರ್ಗದರ್ಶಿಯ ಮಾತು: ಪಶ್ಚಿಮದ ಇಗರ್ಜಿ-ಕೋಟೆಗಳ ಪ್ರವಾಸ ಮತ್ತು ದುರ್ಗದ ಐತಿಹ್ಯ

ಜನಪದ ಕಥನಪ್ರಕಾರಗಳಲ್ಲಿ ಸ್ಥಳದ ಆಸರೆಯಿಲ್ಲದೆ ನಿಲ್ಲಲಾರದ ಪ್ರಕಾರವೆಂದರೆ ಐತಿಹ್ಯ. ಅಜ್ಜಿಕತೆಯ ರಾಜ ಯಾವ ಊರಿನವನಾದರೂ ಆದೀತು. ಐತಿಹ್ಯದ ರಾಜನಿಗೆ ಒಂದು ಕೋಟೆ, ಕೋಟೆಗೊಂದು ಬಾಗಿಲು, ಬಾಗಿಲಲ್ಲೊಂದು ಗುರುತು ಇರಲೇಬೇಕು. ಜರ್ಮನ್ ಐತಿಹ್ಯಗಳ ಸಂಪುಟಗಳನ್ನು 1816 ಮತ್ತು 1818ರಲ್ಲಿ ಪ್ರಕಟಿಸಿದ ಗ್ರಿಮ್ ಸಹೋದರರು ಈ ಭೇದವನ್ನು ಆಗಲೇ ಗುರುತಿಸಿದ್ದರು. ನಮ್ಮಲ್ಲಿ ಸ್ಥಳಪುರಾಣ ಎಂಬ ಮಾತೇ ಇದಕ್ಕೆ ಸಾಕ್ಷಿ. ಆದರೆ ಈ ಐತಿಹ್ಯಗಳನ್ನು ಇಂದು ಅತಿ ಹೆಚ್ಚು ಸಲ, ಅತಿ ಹೆಚ್ಚು ಜನರಿಗೆ ಹೇಳುತ್ತಿರುವವರು ಯಾರು ಎಂಬ ಪ್ರಶ್ನೆಯನ್ನು ಜಾನಪದ ಅಧ್ಯಯನ ಗಂಭೀರವಾಗಿ ಕೇಳಿಕೊಂಡಿದ್ದು ಕಡಿಮೆ. ಉತ್ತರ ಸರಳ: ಗೈಡ್. ಗೈಡ್‌ನ ಮಾತನ್ನು ಒಂದು ಮೌಖಿಕ ಪಠ್ಯವೆಂದು ಓದದೆ ಹೋದುದರಿಂದ ನಮ್ಮ ಪ್ರವಾಸಕಥನಕ್ಕೂ ನಮ್ಮ ಕ್ಷೇತ್ರಕಾರ್ಯಕ್ಕೂ ಆಗಿರುವ ನಷ್ಟವನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಗುಂಪು ಪ್ರವಾಸದ ಚರಿತ್ರೆ ಬಹಳ ಹಳೆಯದೇನಲ್ಲ. ಥಾಮಸ್ ಕುಕ್ 1841ರಲ್ಲಿ ಲೆಸ್ಟರ್‌ನಿಂದ ಲಫ್‌ಬರೋಗೆ ರೈಲಿನಲ್ಲಿ ಜನರನ್ನು ಕರೆದೊಯ್ದದ್ದು ಪಾನನಿಷೇಧದ ಸಭೆಗಾಗಿ. 1855ರ ಹೊತ್ತಿಗೆ ಅವನ ತಂಡಗಳು ಯೂರೋಪಿನ ನೆಲದಲ್ಲಿದ್ದವು. ಕನ್ನಡದ ಮಟ್ಟಿಗೆ ಈ ಬಗೆಯ ಪ್ರವಾಸ ತಡವಾಗಿ ಬಂದಿತು. 'ಅಪೂರ್ವ ಪಶ್ಚಿಮ'ದ ಕಾರಂತರಾಗಲಿ, 'ಸಮುದ್ರದಾಚೆಯಿಂದ' ಬರೆದ ಗೋಕಾಕರಾಗಲಿ ಬಾವುಟ ಹಿಡಿದವರ ಹಿಂದೆ ಸಾಲಾಗಿ ನಡೆದವರಲ್ಲ. ಈಚಿನ ದಶಕಗಳಲ್ಲಿ ನಿವೃತ್ತ ಅಧ್ಯಾಪಕರು, ಬ್ಯಾಂಕ್ ನೌಕರರು, ಮಕ್ಕಳು ಹೊರದೇಶದಲ್ಲಿರುವ ತಂದೆತಾಯಿಗಳು ಎರಡು ವಾರದಲ್ಲಿ ಏಳೆಂಟು ದೇಶಗಳನ್ನು ಬಸ್ಸಿನಲ್ಲಿ ಸುತ್ತಿ ಬಂದು ಬರೆದ ಪುಸ್ತಕಗಳು ಸಾಕಷ್ಟಿವೆ. ಇವುಗಳನ್ನು ಲಘುವಾಗಿ ಕಾಣುವುದು ವಿಮರ್ಶೆಯ ರೂಢಿಯಾಗಿದೆ; ನನಗೆ ಅದು ಒಪ್ಪಿಗೆಯಿಲ್ಲ. ಇವು ಒಂದು ಹೊಸ ಶ್ರೋತೃವರ್ಗದ ದಾಖಲೆಗಳು.

ತಕರಾರು ಬೇರೆ ಕಡೆ ಇದೆ. ಇಂಥ ಬರಹಗಳಲ್ಲಿ ಇಗರ್ಜಿಯ ಎತ್ತರ ಎಷ್ಟು ಅಡಿ, ಕೋಟೆ ಕಟ್ಟಿದ ದೊರೆ ಯಾರು, ಊಟಕ್ಕೆ ಅನ್ನ-ಸಾರು ದೊರೆಯಿತೇ ಇಲ್ಲವೇ ಎಂಬ ವಿವರಗಳೆಲ್ಲ ಇರುತ್ತವೆ. ಕತೆ ಬಂದ ಕೂಡಲೇ 'ಗೈಡ್ ಹೇಳಿದಂತೆ' ಎಂಬ ಎರಡು ಪದ ಕಾಣಿಸಿಕೊಂಡು ನಿರೂಪಕ ಮಾಯವಾಗುತ್ತಾನೆ. ಆತ ಆ ಊರಿನವನೇ, ಯಾವ ಕಲ್ಲಿನ ಮುಂದೆ ನಿಂತು ಹೇಳಿದ, ಕೇಳಿದವರು ನಕ್ಕರೇ, ಸುಮ್ಮನಿದ್ದರೇ ಎಂಬುದು ಓದುಗನಿಗೆ ಸಿಗುವುದಿಲ್ಲ. ಅನಂತರ ಲೇಖಕರು ಹಿಡಿಯುವುದು ಎರಡರಲ್ಲಿ ಒಂದು ದಾರಿ: ಕತೆಯನ್ನು ಚರಿತ್ರೆಯೆಂದು ಒಪ್ಪಿಸುವುದು, ಇಲ್ಲವೇ ಕಟ್ಟುಕತೆಯೆಂದು ತಳ್ಳಿಹಾಕುವುದು. ಐತಿಹ್ಯವೆಂದರೆ ನಂಬಿಕೆಯ ಬಗ್ಗೆ ನಡೆಯುವ ವಾಗ್ವಾದ ಎಂದು ವಾದಿಸಿದ ಲಿಂಡಾ ಡೇಗ್ ಅವರ ಮಾತನ್ನು ನೆನೆದರೆ, ಈ ಎರಡು ದಾರಿಗಳೂ ವಾಗ್ವಾದವನ್ನು ನಿಲ್ಲಿಸಿಬಿಡುತ್ತವೆ ಎನ್ನುವುದು ತಿಳಿಯುತ್ತದೆ.

ಲಂಡನ್ ಟವರ್‌ನ ಕಾಗೆಗಳ ಕತೆಯನ್ನು ನೋಡಬಹುದು. ಡೊಂಬಕಾಗೆಗಳು ಕೋಟೆ ಬಿಟ್ಟರೆ ರಾಜ್ಯ ಬೀಳುತ್ತದೆಂಬ ಭಯದಿಂದ ಎರಡನೆಯ ಚಾರ್ಲ್ಸ್ ದೊರೆ ಅವನ್ನು ಸಾಕಿಸಿದನೆಂದು ಹೇಳಲಾಗುತ್ತದೆ. ಅಲ್ಲಿನ ಕಾಗೆಗಳ ಬಗ್ಗೆ 19ನೆಯ ಶತಮಾನದ ಕೊನೆಯ ದಶಕಗಳಿಗೆ ಹಿಂದಿನ ದಾಖಲೆ ಸಿಕ್ಕಿಲ್ಲವೆಂದು ಸಂಶೋಧಕರು ತೋರಿಸಿದ್ದಾರೆ. ಹಾಗೆಂದು ಕತೆ ನಿಂತಿಲ್ಲ. ರಿಚರ್ಡ್ ಡಾರ್ಸನ್ 1950ರಲ್ಲಿ ಹೆಸರಿಟ್ಟ 'ಕೃತಕ ಜಾನಪದ'ದ ಪಟ್ಟಿಗೆ ಇದನ್ನು ಸೇರಿಸಿ ಕೈತೊಳೆದುಕೊಳ್ಳುವುದು ಸುಲಭ. ಇಷ್ಟು ಕಾಲ ಬಾಯಿಂದ ಬಾಯಿಗೆ ಬಂದ ಮೇಲೂ ಅದನ್ನು ಕೃತಕವೆನ್ನಬೇಕೆ?

ಮ್ಯೂನಿಕ್ ನಗರದ ಫ್ರೌವೆನ್‌ಕಿರ್ಚೆ ಎಂಬ ಇಗರ್ಜಿಯ ಬಾಗಿಲ ಬಳಿ ನೆಲದಲ್ಲಿ ಒಂದು ಹೆಜ್ಜೆಗುರುತಿದೆ. ಅಲ್ಲಿ ನಿಂತ ಸೈತಾನನಿಗೆ ಒಂದು ಕಿಟಕಿಯೂ ಕಾಣದೆ, ಬೆಳಕಿಲ್ಲದ ದೇವಾಲಯವೆಂದು ಹಿಗ್ಗಿ ಕಾಲು ಅಪ್ಪಳಿಸಿದನಂತೆ. ಈಗ ಅಲ್ಲಿ ನಿಂತರೆ ಎದುರಿಗೆ ಒಂದು ಕಿಟಕಿ ಕಾಣುತ್ತದೆ. ಅದನ್ನು ಮರೆಮಾಡಿದ್ದ ದೊಡ್ಡ ಬಲಿಪೀಠ ಆಗ ಅಲ್ಲಿತ್ತೆಂದು ವಿವರಿಸುತ್ತಾರೆ. ಕಣ್ಣಿಗೆ ಕಾಣುವುದು ಕತೆಗೆ ವಿರುದ್ಧವಾದಾಗ ನಿರೂಪಕ ಕತೆಯನ್ನು ಬಿಡುವುದಿಲ್ಲ, ವಿವರಣೆ ಹೊಲಿಯುತ್ತಾನೆ. ಭೀಮನ ಹೆಜ್ಜೆಗಳನ್ನು ತೋರಿಸುವ ನಮ್ಮ ಬೆಟ್ಟಗಳ ಪೂಜಾರಿಗಳಿಗೂ ಈ ಕೌಶಲ ಉಂಟು.

ಪ್ರಾಗ್ ನಗರದ ಗಡಿಯಾರದ ಕತೆ ನಮ್ಮವರಿಗೆ ಇನ್ನೂ ಹತ್ತಿರದ್ದು. ಇಂಥದೇ ಇನ್ನೊಂದನ್ನು ಬೇರೆಲ್ಲೂ ಕಟ್ಟಬಾರದೆಂದು ಹಾನುಶ್ ಎಂಬ ಕುಶಲಿಯ ಕಣ್ಣನ್ನು ಪುರಪ್ರಮುಖರು ಕೀಳಿಸಿದರೆಂದು ಐತಿಹ್ಯ. ಗಡಿಯಾರವನ್ನು 1410ರಲ್ಲಿ ಮಾಡಿದವನು ಕಾದಾನ್ ಊರಿನ ಮಿಕುಲಾಶ್ ಎಂದು ದಾಖಲೆ. ಬೇಲೂರಿನಲ್ಲಿ ಕಪ್ಪೆ ಚೆನ್ನಿಗರಾಯನ ಮುಂದೆ ನಿಂತು ಜಕಣಾಚಾರಿ ತನ್ನ ಕೈ ಕಡಿದುಕೊಂಡ ಕತೆಯನ್ನು ಕೇಳಿದವರಿಗೆ ಇದರ ಬಂಧುತ್ವ ಹೇಳಬೇಕಾಗಿಲ್ಲ. ಅಲ್ಲಿಯೂ ಶಾಸನಗಳು ಹೇಳುವ ಹೆಸರುಗಳು ಬೇರೆ: ದಾಸೋಜ, ಚಾವಣ ಮೊದಲಾದವು. ಕಲೆಗಾರನ ಅಂಗಭಂಗವೆಂಬ ಆಶಯ ಒಂದೇ. ಆದರೆ ಪ್ರಾಗ್‌ನಲ್ಲಿ ಕಣ್ಣು ಕಿತ್ತವರು ಅಧಿಕಾರಸ್ಥರು. ಬೇಲೂರಿನಲ್ಲಿ ದಂಡನೆ ಕೊಟ್ಟುಕೊಂಡವನು ಕಲಾವಿದನೇ, ದೋಷ ತೋರಿಸಿದವನು ಅವನ ಮಗನೇ. ನಮ್ಮ ಪ್ರವಾಸಿಗಳು ಪ್ರಾಗ್‌ನಲ್ಲಿ ನಿಂತು ಈ ವ್ಯತ್ಯಾಸದ ಬಗ್ಗೆ ಒಂದು ವಾಕ್ಯ ಬರೆದಿದ್ದರೆ ಅದು ತೌಲನಿಕ ಜಾನಪದಕ್ಕೆ ಕೊಡುಗೆಯಾಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು ಪೋಲೆಂಡಿನ ಕ್ರಾಕೋವ್. ಅಲ್ಲಿನ ವಾವೆಲ್ ಗುಡ್ಡದ ಮೇಲೆ ಅರಮನೆ-ಕೋಟೆಯೂ ಪ್ರಧಾನ ಇಗರ್ಜಿಯೂ ಒಟ್ಟಿಗಿವೆ. ಇಗರ್ಜಿಯ ಬಾಗಿಲ ಪಕ್ಕದಲ್ಲಿ ಸರಪಳಿಯಿಂದ ದೊಡ್ಡ ಮೂಳೆಗಳನ್ನು ತೂಗುಹಾಕಿದ್ದಾರೆ. ಗುಡ್ಡದ ಗವಿಯಲ್ಲಿದ್ದ ಘಟಸರ್ಪದ ಮೂಳೆಗಳೆಂದೂ ಅವು ಕಳಚಿ ಬಿದ್ದ ದಿನ ಲೋಕ ಮುಗಿಯುವುದೆಂದೂ ಜನರ ಮಾತು. ತಿಮಿಂಗಿಲದಂಥ ಪ್ರಾಣಿಗಳ, ಹಿಮಯುಗದ ಮೃಗಗಳ ಅಸ್ಥಿಗಳೆಂದು ತಜ್ಞರ ಅಭಿಪ್ರಾಯ. ಚಿತ್ರದುರ್ಗದ ಮೇಲುದುರ್ಗದಲ್ಲಿ ಹಿಡಿಂಬೇಶ್ವರ ಗುಡಿಯಿದೆ. ಹಿಡಿಂಬನ ಹಲ್ಲು ಎನ್ನುವ ವಸ್ತು, ಭೀಮನ ಭೇರಿ ಎನ್ನುವ ಕಬ್ಬಿಣದ ತಗಡಿನ ಉರುಳೆ ಈ ಗುಡಿಗೆ ಸೇರಿದವೆಂದು ಮೈಸೂರು ಸೀಮೆಯ ಹಳೆಯ ಗೆಜೆಟಿಯರ್ ಕಾಲದಿಂದ ದಾಖಲಾಗಿದೆ. ಗುಡ್ಡ, ಕೋಟೆ, ನರಭಕ್ಷಕ, ಅವನನ್ನು ಕೊಂದ ವೀರ, ದೇವರ ಮನೆಯಲ್ಲಿಟ್ಟ ಅವನ ಎಲುಬು: ಎರಡು ಕಡೆಯೂ ಚೌಕಟ್ಟು ಒಂದೇ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಸುಮಾರು 1200ರ ಹೊತ್ತಿಗೆ ಕಾದ್ಲುಬೆಕ್ ಎಂಬ ಧರ್ಮಾಧಿಕಾರಿ ಲ್ಯಾಟಿನ್ನಿನಲ್ಲಿ ಬರೆದ ಕಥನದಲ್ಲಿ ಘಟಸರ್ಪವನ್ನು ಕೊಂದವರು ರಾಜಕುಮಾರರು. ಈಗ ಗೈಡ್‌ಗಳು ಹೇಳುವ ಕತೆಯಲ್ಲಿ ಕೊಂದವನು ಚಮ್ಮಾರರ ಹುಡುಗ. ಕುರಿಯ ತೊಗಲಿಗೆ ಗಂಧಕ ತುಂಬಿಟ್ಟು, ಅದನ್ನು ನುಂಗಿದ ಸರ್ಪ ನದಿಯ ನೀರು ಕುಡಿದು ಕುಡಿದು ಬಿರಿಯುವಂತೆ ಮಾಡಿದನು. ಶತಮಾನಗಳ ಅವಧಿಯಲ್ಲಿ ವೀರನ ಪದವಿ ಅರಮನೆಯಿಂದ ಕೇರಿಗೆ ಇಳಿದಿದೆ. ಪಠ್ಯಾಂತರಗಳು ಬರವಣಿಗೆಯಲ್ಲಿ ಉಳಿದುದರಿಂದ ಈ ಇಳಿತವನ್ನು ಅಲ್ಲಿಯವರು ಹೆಜ್ಜೆಹೆಜ್ಜೆಯಾಗಿ ತೋರಿಸಬಲ್ಲರು.

ನಮ್ಮ ದುರ್ಗದಲ್ಲಿ ನಾವು ಹಾಗೆ ತೋರಿಸಬಲ್ಲೆವೇ? 1779ರಲ್ಲಿ ಹೈದರಾಲಿಗೆ ವಶವಾದ ಈ ಕೋಟೆಯಲ್ಲಿ ಇಂದು ಜನ ಮೊದಲು ಕೇಳುವುದು ಮದಕರಿನಾಯಕನ ಅರಮನೆಯನ್ನಲ್ಲ, ಓಬವ್ವನ ಕಿಂಡಿಯನ್ನು. ಕಹಳೆಯವನ ಹೆಂಡತಿ, ಛಲವಾದಿ ಸಮುದಾಯದವಳೆಂದು ಪರಂಪರೆ ಗುರುತಿಸುವ ಹೆಣ್ಣು, ಒನಕೆ ಹಿಡಿದು ಕೋಟೆ ಕಾಯ್ದಳು. ಆಕೆ ಕೊನೆಗೆ ಏನಾದಳೆಂಬಲ್ಲಿ ಹೇಳಿಕೆಗಳು ಒಡೆಯುತ್ತವೆ: ಶತ್ರುವಿನ ಕತ್ತಿಗೆ ಬಲಿಯಾದಳೆನ್ನುವವರಿದ್ದಾರೆ, ಹೆಣದ ರಾಶಿಯನ್ನು ಕಂಡ ಆಘಾತದಿಂದಲೇ ಹೋದಳೆನ್ನುವವರೂ ಇದ್ದಾರೆ. 1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ತೆರೆಗೆ ಬಂದು ಜಯಂತಿಯವರ ಓಬವ್ವ ಮನೆಮಾತಾದ ಮೇಲೆ ಈ ಪಠ್ಯಾಂತರಗಳ ಮೇಲೆ ಒಂದೇ ದೃಶ್ಯದ ನೆರಳು ಬಿದ್ದಿದೆ. ತ.ರಾ.ಸು. ಅವರ ಕಾದಂಬರಿಗಳೂ ಗೈಡ್‌ಗಳ ಮಾತಿನೊಳಗೆ ಸೇರಿಹೋಗಿವೆ. 'ದುರ್ಗಾಸ್ತಮಾನ'ದ ಸಂಭಾಷಣೆಯನ್ನೇ ಮದಕರಿಯ ಮಾತೆಂದು ಒಪ್ಪಿಸುವುದನ್ನು ನಾನು ಕೇಳಿದ್ದೇನೆ. ಇದು ತಪ್ಪೆಂದು ನನ್ನ ವಾದವಲ್ಲ. ಸಿನಿಮಾ ಕುಡಿದ ಐತಿಹ್ಯವೂ ಐತಿಹ್ಯವೇ. ಆದರೆ ಸಿನಿಮಾಕ್ಕೆ ಮುಂಚೆ ಕಿಂಡಿಯ ಮುಂದೆ ನಿಂತವರು ಏನು ಹೇಳುತ್ತಿದ್ದರು ಎಂಬುದಕ್ಕೆ ನಾವು ಇಟ್ಟುಕೊಂಡ ಧ್ವನಿಮುದ್ರಣ ಎಷ್ಟು? 2021ರಿಂದ ನವೆಂಬರ್ 11ರಂದು ಸರ್ಕಾರ ಓಬವ್ವ ಜಯಂತಿ ಆಚರಿಸುತ್ತಿದೆ. ಆಚರಣೆ ಬಂದ ಮೇಲೆ ಭಾಷಣ ಬರುತ್ತದೆ, ಭಾಷಣದ ಹಿಂದೆ ಒಂದು ಅಧಿಕೃತ ಪಠ್ಯ ಬರುತ್ತದೆ. ಸಂಗ್ರಹಕ್ಕೆ ಉಳಿದಿರುವ ಕಾಲ ದೊಡ್ಡದಲ್ಲ.

ಗೈಡ್‌ನ ಕಥನಕ್ಕೆ ಅದರದೇ ವ್ಯಾಕರಣವಿದೆ ಎನ್ನುವುದನ್ನೂ ಸಂಗ್ರಾಹಕರು ತಿಳಿದಿರಬೇಕು. ಅದು ಕಾಲಾನುಕ್ರಮದಲ್ಲಿ ನಡೆಯುವುದಿಲ್ಲ, ಕಾಲುದಾರಿಯ ಕ್ರಮದಲ್ಲಿ ನಡೆಯುತ್ತದೆ. ಬೀಸುವ ಕಲ್ಲು ಮೊದಲು ಸಿಕ್ಕರೆ ಮದ್ದಿನ ಕತೆ ಮೊದಲು. ಏಕನಾಥೇಶ್ವರಿ, ಹಿಡಿಂಬೇಶ್ವರ, ಅಕ್ಕತಂಗಿಯರ ಹೊಂಡ ಆಮೇಲೆ. ಎರಡು ಮೆಟ್ಟಿಲ ಸಾಲುಗಳ ನಡುವೆ ಕತೆ ಮುಗಿಯಬೇಕು. ಪ್ರತಿಯೊಂದು ಕತೆಯ ಕೊನೆಗೂ ತೋರುವ ಬೆರಳೊಂದು ಬೇಕು: ಇದೇ ಆ ಕಿಂಡಿ, ಇದೇ ಆ ಹೆಜ್ಜೆ. ವಾವೆಲ್‌ನಲ್ಲಿ ಸರಪಳಿಯ ಮೂಳೆ ಮಾಡುವ ಕೆಲಸವನ್ನು ಇಲ್ಲಿ ಬಂಡೆಯ ಸಂದು ಮಾಡುತ್ತದೆ. ತೋರಿಸಲು ವಸ್ತುವಿಲ್ಲದ ಕತೆಗಳು ಈ ದಾರಿಯಲ್ಲಿ ಸೊರಗುತ್ತವೆ.

ಸೊರಗಿದ ಕತೆಗಳು ಹಳ್ಳಿಗಳಲ್ಲಿ ಇರುತ್ತವೆ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯ ಕಡೆಯಿಂದ ದುರ್ಗಕ್ಕೆ ಬರುವ ತಂಡಗಳ ಜೊತೆ ಕೋಟೆ ಹತ್ತಿದಾಗ ನನಗೆ ಇದು ಸ್ಪಷ್ಟವಾಯಿತು. ಗೈಡ್ ಓಬವ್ವನ ಕತೆಯನ್ನು ಹೈದರನ ದಂಡಿನಿಂದ ಆರಂಭಿಸುತ್ತಾನೆ. ಮಾಡದಕೆರೆ ಸೀಮೆಯ ಹೆಂಗಸರು ಅದನ್ನೇ ಅಡಿಗೆಮನೆಯಿಂದ ಆರಂಭಿಸುತ್ತಾರೆ: ಗಂಡ ಉಣ್ಣಲು ಬಂದ, ಕುಡಿಯುವ ನೀರು ಮುಗಿದಿತ್ತು, ಅವಳು ಕೊಡ ಎತ್ತಿಕೊಂಡು ಹೋದಳು. ಮೊದಲನೆಯದರಲ್ಲಿ ಒನಕೆ ಆಯುಧ. ಎರಡನೆಯದರಲ್ಲಿ ಅದು ಬೆಳಿಗ್ಗೆ ಭತ್ತ ಕುಟ್ಟಿ ಮೂಲೆಗೆ ಒರಗಿಸಿದ್ದ ಒನಕೆ. ಕಿಂಡಿಯ ಮುಂದೆ ಗೈಡ್ ಮಾತು ಮುಗಿಸಿ ಹೊರಟಾಗ ತಂಡದ ಹಿರಿಯಳೊಬ್ಬಳು ಅವನನ್ನು ತಡೆದು ಕೇಳಿದಳು: "ಅದೆಲ್ಲಾ ಸರಿ ಕಣಪ್ಪ, ಅವಳ ಗಂಡ ಉಂಡ್ನೋ ಇಲ್ವೋ?" ಅವನು ನಕ್ಕು, ಮುಂದೆ ತಣ್ಣೀರುದೋಣಿ ಇದೆ, ಬನ್ನಿ ಅಮ್ಮ ಎಂದ. ಆಕೆ ಕದಲಲಿಲ್ಲ. ಕಿಂಡಿಯ ಬದಿಯಲ್ಲೇ ಕುಳಿತು, ಜೊತೆಗಿದ್ದ ಇಬ್ಬರು ಹೆಂಗಸರಿಗೆ ಕತೆಯನ್ನು ನೀರಿನ ಕೊಡದಿಂದ ಮತ್ತೆ ಶುರುಮಾಡಿದಳು.