ಶೇ 64ರ ಮಹಿಮೆ

ಸರ್ಕಾರಿ ಆಸ್ಪತ್ರೆಗಳನ್ನು ಖಾಸಗಿಯವರ ಕೈಗೆ ಕೊಡಬೇಕೇ ಬೇಡವೇ ಎಂಬ ಚರ್ಚೆ ನಮ್ಮಲ್ಲಿ ಕಾವೇರಿದಾಗಲೆಲ್ಲ ಯಾರಾದರೊಬ್ಬರು ಒಂದು ಅಂಕಿ ಎತ್ತುತ್ತಾರೆ: ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂದ ಮೇಲೆ ಬಡವರ ಸಾವು ಶೇ 64ರಷ್ಟು ಇಳಿಯಿತು! ನೀರಜ್ ಸೂದ್, ಅರ್ನಬ್ ಮುಖರ್ಜಿ ಮತ್ತಿತರರು ಸೇರಿ 2014ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಅಂಕಿ ಇದು. ಎತ್ತುವವರ ವಾದ ಸರಳ. ಸರ್ಕಾರ ಆಸ್ಪತ್ರೆ ನಡೆಸುವುದಕ್ಕಿಂತ ದುಡ್ಡು ಕಟ್ಟಿ ಖಾಸಗಿಯವರಿಂದ ಚಿಕಿತ್ಸೆ ಕೊಡಿಸುವುದೇ ಲೇಸು, ಸಾಕ್ಷಿ ಬೇಕಾದರೆ ಇಗೋ. ಈ ಅಧ್ಯಯನಕ್ಕೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ಹೆಚ್ಚಾಯಿತು ಎಂಬುದು ನನ್ನ ಅಭಿಪ್ರಾಯ. ಅದನ್ನು ತೋರಿಸಲು ಹೊರಗಿನ ಸಾಕ್ಷಿ ಬೇಕಿಲ್ಲ, ಅದರ ಫಲಿತಾಂಶದ ನಾಲ್ಕು ಸಾಲೇ ಸಾಕು.

ಯಶಸ್ವಿನಿ ಸಹಕಾರಿ ವಿಮೆಯ ಅರವತ್ತು ರೂಪಾಯಿ ಕಂತು, 108 ಆಂಬುಲೆನ್ಸ್ ಸೇವೆಯ ಗುತ್ತಿಗೆ, ಅಪೋಲೊ ಕೈಗೆ ಹೋಗಿ ಬಂದ ರಾಯಚೂರಿನ ಒಪೆಕ್ ಆಸ್ಪತ್ರೆ, ಇವೆಲ್ಲ ಓದುಗರಿಗೆ ಗೊತ್ತಿರುವ ಕಥೆಗಳೇ. ಆರೋಗ್ಯಶ್ರೀಯ ರೀತಿ ಬೇರೆ. ಕಂತು ಕಟ್ಟುವಂತಿರಲಿಲ್ಲ, ಹೆಸರು ನೋಂದಾಯಿಸುವಂತಿರಲಿಲ್ಲ; ಬಿಪಿಎಲ್ ಕಾರ್ಡು ಇದ್ದರೆ ಸಾಕು, ಹೃದಯ, ಕ್ಯಾನ್ಸರ್, ನರ, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸರ್ಕಾರ ಆಸ್ಪತ್ರೆಗೆ ನೇರವಾಗಿ ಕೊಡುತ್ತಿತ್ತು. ಪಟ್ಟಿಯಲ್ಲಿದ್ದ ಆಸ್ಪತ್ರೆಗಳಲ್ಲಿ ಹೆಚ್ಚಿನವು ಖಾಸಗಿ.

2010ರ ಫೆಬ್ರುವರಿಯಲ್ಲಿ ಗುಲ್ಬರ್ಗ ವಿಭಾಗದಲ್ಲಿ ಶುರುವಾದ ಯೋಜನೆ ಬೆಳಗಾವಿ ವಿಭಾಗಕ್ಕೆ ಹಬ್ಬಿತು. ದಕ್ಷಿಣದ ಜಿಲ್ಲೆಗಳಿಗೆ ಬಂದದ್ದು 2012ರಲ್ಲಿ. ದಾವಣಗೆರೆ ಜಿಲ್ಲೆ ಬೆಂಗಳೂರು ವಿಭಾಗದ್ದು. ಹಾಗಾಗಿ ಅಷ್ಟು ಕಾಲ ಯೋಜನೆಯ ಗೆರೆ ನಮ್ಮ ಜಿಲ್ಲೆಯ ಅಂಚಿನಲ್ಲೇ ಹಾದಿತ್ತು. ಕೂಡ್ಲಿಗಿಯವರಿಗೆ ಇತ್ತು, ಪಕ್ಕದ ಜಗಳೂರಿನವರಿಗೆ ಇಲ್ಲ. ರಾಣೆಬೆನ್ನೂರಿನವರಿಗೆ ಇತ್ತು, ಹೊನ್ನಾಳಿಯವರಿಗೆ ಇಲ್ಲ. ಆಗ ಹೊನ್ನಾಳಿ ತಾಲೂಕಿನೊಳಗೇ ಇದ್ದ ನ್ಯಾಮತಿಗೂ ಇಲ್ಲ. ಚನ್ನಗಿರಿಯ ಮಾತಂತೂ ದೂರವೇ ಉಳಿಯಿತು. 1997ರಲ್ಲಿ ಹರಪನಹಳ್ಳಿಯನ್ನು ಬಳ್ಳಾರಿಯಿಂದ ಕಿತ್ತು ದಾವಣಗೆರೆಗೆ ಸೇರಿಸದೇ ಇದ್ದಿದ್ದರೆ ಅಲ್ಲಿನವರಿಗೂ 2010ರಲ್ಲೇ ಸಿಗುತ್ತಿತ್ತು. ಕಾಯಿಲೆಗೂ ಬಡತನಕ್ಕೂ ಸಂಬಂಧವಿಲ್ಲದೆ, ಕಂದಾಯ ಇಲಾಖೆಯ ನಕಾಶೆ ಎಳೆದ ಗೆರೆ ಇದು.

ಸಂಶೋಧಕರಿಗೆ ಬೇಕಾದದ್ದೂ ಇಂಥ ಗೆರೆಯೇ. ಯೋಜನೆ ಇದ್ದ ಆಚೆಯ 300 ಹಳ್ಳಿ, ಇಲ್ಲದ ಈಚೆಯ 272 ಹಳ್ಳಿ, ಒಟ್ಟು ಅರವತ್ತು ಸಾವಿರ ಮನೆಗಳನ್ನು ಹೋಲಿಸಿದರು. ಮಣ್ಣು ಒಂದೇ, ಮಳೆ ಒಂದೇ, ಬೀಗರೂ ಅವರೇ. ಇರುವ ವ್ಯತ್ಯಾಸ ಯೋಜನೆಯದೊಂದೇ ಎಂಬುದು ನಂಬಿಕೆ. ಜಾಣ ಉಪಾಯ, ಒಪ್ಪಲೇಬೇಕು. ನಮ್ಮ ಸರ್ಕಾರಿ ಮೌಲ್ಯಮಾಪನ ವರದಿಗಳನ್ನು ಓದಿ ಬೇಸತ್ತವರಿಗೆ ಇಷ್ಟು ಅಚ್ಚುಕಟ್ಟಾದ ಕೆಲಸ ಕಂಡಾಗ ಸಂತೋಷವಾಗುವುದು ಸಹಜ. ತೊಂದರೆ ಶುರುವಾಗುವುದು ಅಂಕಿಗಳನ್ನು ಪಕ್ಕಪಕ್ಕ ಇಟ್ಟಾಗ.

ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡವರಲ್ಲಾದ ಸಾವು ಆಚೆ ಶೇ 0.32, ಈಚೆ ಶೇ 0.90. ಇವೆರಡರ ನಡುವಿನ ಅಂತರವೇ ಆ ಪ್ರಸಿದ್ಧ ಶೇ 64. ಎಲ್ಲ ಸಾವೂ ಅಲ್ಲ, ಆ ಕೆಲವು ಕಾಯಿಲೆಗಳ ಸಾವು ಎಂಬುದನ್ನು ವೇದಿಕೆಯ ಮೇಲೆ ಯಾರೂ ಹೇಳುವುದಿಲ್ಲ, ಅದಿರಲಿ. ಕಾರ್ಡಿಲ್ಲದ, ಬಡತನದ ರೇಖೆಗಿಂತ ಮೇಲಿನವರನ್ನು ನೋಡಿ: ಆಚೆ ಶೇ 0.56, ಈಚೆ ಶೇ 0.55. ಇದನ್ನೇ ದೊಡ್ಡ ಪುರಾವೆಯೆಂದು ಹೊಗಳುತ್ತಾರೆ. ಯೋಜನೆ ಸಿಗದವರಲ್ಲಿ ಗೆರೆಯಿಂದ ಏನೂ ಬದಲಾಗಿಲ್ಲ, ಆದ್ದರಿಂದ ಬಡವರಲ್ಲಿ ಬದಲಾದದ್ದು ಯೋಜನೆಯಿಂದಲೇ ಎಂದು.

ಈಗ ಅಡ್ಡಲಾಗಿ ಓದುವುದು ಬಿಟ್ಟು ಉದ್ದಕ್ಕೆ ಓದಿ. ಈಚೆ ಬಡವರು ಉಳ್ಳವರಿಗಿಂತ ಹೆಚ್ಚು ಸಾಯುತ್ತಾರೆ, 0.90ಕ್ಕೆ 0.55; ಲೋಕದಲ್ಲಿ ನಡೆಯುವುದೂ ಹಾಗೆಯೇ. ಆಚೆ ಬಡವರು ಉಳ್ಳವರಿಗಿಂತ ಕಡಿಮೆ ಸಾಯುತ್ತಾರೆ, 0.32ಕ್ಕೆ 0.56. ಯೋಜನೆ ಬಡವರನ್ನು ಪಕ್ಕದ ಮನೆಯ ಉಳ್ಳವರ ಸಮಕ್ಕೆ ತಂದದ್ದಷ್ಟೇ ಅಲ್ಲ, ಅವರನ್ನು ದಾಟಿಸಿ ಬಹಳ ಮುಂದೆ ನಿಲ್ಲಿಸಿತು, ಅದೂ ಎರಡೂವರೆ ವರ್ಷದೊಳಗೆ. ಹಳ್ಳಿಯ ಎಪಿಎಲ್ ಎಂದರೆ ಸಾಹುಕಾರನೇನಲ್ಲ, ಮೂರು ಎಕರೆ ಮೆಕ್ಕೆಜೋಳದ ರೈತನಿಗೂ ಬೈಪಾಸ್ ಆಪರೇಷನ್ ಖರ್ಚು ನಿಲುಕದು ಎಂದು ಸಮರ್ಥಿಸಬಹುದು. ಸರಿ, ಇದು ತೂಕವಿರುವ ಮಾತು. ಆದರೆ ಊಟ, ದುಡಿಮೆ, ಬೀಡಿ, ವಯಸ್ಸು, ಸಕ್ಕರೆ ಕಾಯಿಲೆ ಎಲ್ಲವೂ ಇದ್ದಲ್ಲೇ ಇದ್ದು, ಕಾರ್ಡೊಂದರಿಂದಲೇ ಇಷ್ಟಾಯಿತು ಎನ್ನುವವರು ಅದು ಹೇಗಾಯಿತು ಎಂದೂ ಹೇಳಬೇಕು.

ಹೇಳುವುದಿಲ್ಲ. ಕಾರ್ಡಿನಿಂದ ಜೀವ ಉಳಿಯಬೇಕಾದರೆ ಮೊದಲು ಜನ ಆಸ್ಪತ್ರೆಗೆ ಹೋಗಬೇಕು. ಹೆಚ್ಚು ಜನ ಹೋದರೇ? ಅಧ್ಯಯನದ ಅಂದಾಜು ಶೇ 44.2ರಷ್ಟು ಏರಿಕೆ, ಅದರ ಬೆನ್ನಿಗೇ ಬರುವ ವ್ಯಾಪ್ತಿ ಮೈನಸ್ ಶೇ 5.1ರಿಂದ ಶೇ 90.5. ಅಂದರೆ ಬಳಕೆ ಇಮ್ಮಡಿಗೆ ಹತ್ತಿರವಾಗಿರಬಹುದು, ಏರದೆಯೂ ಇರಬಹುದು, ತುಸು ಇಳಿದೂ ಇರಬಹುದು. ಲೇಖಕರು ಪ್ರಾಮಾಣಿಕರು, ಬಳಕೆ ಗಣನೀಯವಾಗಿ ಹೆಚ್ಚಲಿಲ್ಲ ಎಂದು ಅವರೇ ಬರೆದಿದ್ದಾರೆ. ಆಸ್ಪತ್ರೆಗೆ ಹೋದದ್ದು ಹೆಚ್ಚಿತೆಂದು ಖಚಿತವಾಗಿ ಹೇಳಲಾಗದು, ಆದರೆ ಸಾವು ಮಾತ್ರ ಮೂರನೇ ಒಂದು ಭಾಗಕ್ಕೆ ಇಳಿಯಿತು ಎಂದರೆ ನಡುವೆ ಎಲ್ಲೋ ಒಂದು ಮೆಟ್ಟಿಲು ಕಾಣೆಯಾಗಿದೆ.

ಸಾವಿನ ಕಾರಣ ಗೊತ್ತಾದ ಬಗೆಯೂ ನೆನಪಿರಲಿ. ಮನೆಮನೆ ಸಮೀಕ್ಷೆಯಲ್ಲಿ ಉತ್ತರಿಸುವವರು ಮಗ, ಸೊಸೆ, ಹೆಂಡತಿ. ‘ಎದಿ ಹಿಡ್ಕಂತು ಅಂದ್ರು, ದಾವಣಗೆರೆ ಮುಟ್ಟೋದ್ರೊಳಗೆ ಹೋಗ್ಬಿಟ್ರು’ ಎಂಬುದು ನಮ್ಮ ಕಡೆ ಅರ್ಧಕ್ಕರ್ಧ ಸಾವುಗಳ ವಿವರಣೆ. ಹಠಾತ್ತಾಗಿ ಹೋದವರೆಲ್ಲರದೂ ಹಾರ್ಟ್ ಅಟ್ಯಾಕೇ. ದೊಡ್ಡಾಸ್ಪತ್ರೆಗೆ ಹೋಗಿಬಂದ ಮನೆಯಲ್ಲಿ ಡಿಸ್ಚಾರ್ಜ್ ಚೀಟಿ ಇರುತ್ತದೆ, ಕಾಯಿಲೆಗೆ ಬೇರೆಯೇ ಹೆಸರು ಇರುತ್ತದೆ. ಗೆರೆಯ ಒಂದು ಬದಿಯಲ್ಲಿ ಇಂಥ ಚೀಟಿಗಳು ಹೆಚ್ಚಿದ್ದರೆ ಸಾವಿನ ವರ್ಗೀಕರಣವೇ ಓರೆಯಾಗಬಹುದು. ಆಗಿದೆ ಎನ್ನುತ್ತಿಲ್ಲ, ಶೇ 64 ಎಂದು ಘೋಷಿಸುವವರು ಈ ಅನುಮಾನವನ್ನು ತಾವೇ ಎತ್ತಬೇಕಿತ್ತು ಎನ್ನುತ್ತಿದ್ದೇನೆ.

ಕಾಣೆಯಾದ ಮೆಟ್ಟಿಲು ಯಾವುದಿರಬಹುದು? ನನ್ನ ಊಹೆ ಶಿಬಿರಗಳ ಮೇಲಿದೆ. ಪಟ್ಟಿಗೆ ಸೇರಿದ ಆಸ್ಪತ್ರೆಗಳು ಹಳ್ಳಿಗಾಡಿಗೆ ಬಂದು ತಪಾಸಣಾ ಶಿಬಿರ ಮಾಡಬೇಕಿತ್ತು. ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರು ಜನರನ್ನು ಕರೆತರುತ್ತಿದ್ದರು. ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗುತ್ತಿದ್ದವನ ಎದೆಗೆ ಮೊದಲ ಸಲ ಇಸಿಜಿ ತಂತಿ ಅಂಟಿದ್ದು ಅಲ್ಲಿ. ಯೋಜನೆಯ ಜೀವ ಅಲ್ಲೇ ಇತ್ತು ಎಂದಾದರೆ, ರೋಗಿಯನ್ನು ಮನೆ ಬಾಗಿಲಲ್ಲಿ ಪತ್ತೆ ಹಚ್ಚಿದ್ದಕ್ಕೆ ಸಲ್ಲಬೇಕಾದ ಹೊಗಳಿಕೆ ಆಪರೇಷನ್ ಬಿಲ್ ಕಟ್ಟಿದ್ದಕ್ಕೆ ಸಂದಿದೆ. ಪತ್ತೆ ಹಚ್ಚುವ ಕೆಲಸವನ್ನು ಆಶಾ ಕಾರ್ಯಕರ್ತೆಯೂ ಪ್ರಾಥಮಿಕ ಆರೋಗ್ಯ ಕೇಂದ್ರವೂ ಮಾಡಬಲ್ಲವು.

ಇಷ್ಟು ಹೇಳಿದೊಡನೆ ನಮ್ಮ ಪ್ರಗತಿಪರ ಮಿತ್ರರು ಬೆನ್ನು ತಟ್ಟಲು ಬರುತ್ತಾರೆ. ಅವರೊಂದಿಗೂ ನನ್ನ ತಕರಾರಿದೆ, ಬಹುಶಃ ಹೆಚ್ಚೇ ಇದೆ. ಲೇಖಕರಲ್ಲಿ ವಿಶ್ವಬ್ಯಾಂಕಿನವರಿದ್ದಾರೆ ಎಂಬುದನ್ನು ಕಂಡೊಡನೆ ಅವರ ಓದು ಮುಗಿಯುತ್ತದೆ. ಮೇಲೆ ಹೇಳಿದ ನಾಲ್ಕು ಅಂಕಿಗಳನ್ನು ಎತ್ತಿ ಜಗಳ ಕಾಯ್ದ ಒಬ್ಬನೇ ಒಬ್ಬ ಟೀಕಾಕಾರ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ‘ಖಾಸಗೀಕರಣದ ಹುನ್ನಾರ’ ಎಂದು ಬರೆದು ಕೈತೊಳೆದುಕೊಂಡರೆ ವಿಮರ್ಶೆಯಾಗುವುದಿಲ್ಲ. ಜೇಬಿನಿಂದ ಆಗುವ ಖರ್ಚು ಗಮನಾರ್ಹವಾಗಿ ಇಳಿಯಿತು ಎಂದೂ ಅದೇ ಅಧ್ಯಯನ ಹೇಳುತ್ತದೆ. ಅಡಿಕೆ ತೋಟ ಒತ್ತೆ ಇಟ್ಟು ಆಪರೇಷನ್ ಮಾಡಿಸಿದ ಮನೆಯವರ ಮುಂದೆ ನಿಂತು ಆ ಫಲಿತಾಂಶವನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ, ಇವರಿಗೆ ಹೇಗೆ ಬರುತ್ತದೋ.

ಇನ್ನೊಂದು ಅಸಡ್ಡೆಯಿದೆ. ಖಾಸಗಿಯವರು ಸರ್ಕಾರಿ ಆಸ್ಪತ್ರೆಯೊಳಗೆ ಈಗ ಹೊಸದಾಗಿ ಕಾಲಿಡುತ್ತಿದ್ದಾರೆ ಎಂಬಂತೆ ಇವರು ಬರೆಯುತ್ತಾರೆ. ದಾವಣಗೆರೆಯಲ್ಲಿ ಕುಳಿತು ಹೀಗೆ ಬರೆಯುವುದು ಹೇಗೆ ಸಾಧ್ಯ? 1965ರಲ್ಲಿ ಹುಟ್ಟಿದ ಜೆಜೆಎಂ ಖಾಸಗಿ ವೈದ್ಯಕೀಯ ಕಾಲೇಜು. ಅದರ ವಿದ್ಯಾರ್ಥಿಗಳು ದಶಕಗಳಿಂದ ಕಲಿಯುತ್ತಿರುವುದು ಸರ್ಕಾರದ ಚಿಗಟೇರಿ ಜಿಲ್ಲಾ ಆಸ್ಪತ್ರೆಯ ಹಾಸಿಗೆಗಳ ಪಕ್ಕದಲ್ಲಿ. ಚನ್ನಗಿರಿಯಿಂದ ರೆಫರ್ ಆಗಿ ಬಂದ ರೋಗಿಯ ನಾಡಿ ಹಿಡಿಯುವ ಹುಡುಗ ಕ್ಯಾಪಿಟೇಶನ್ ಕಟ್ಟಿ ಬಂದವನೋ ಸರ್ಕಾರಿ ಸೀಟಿನವನೋ ರೋಗಿಗೆ ತಿಳಿಯದು. ಕಾಲೇಜಿಗೆ ರೋಗಿಗಳು ಸಿಕ್ಕರು, ಆಸ್ಪತ್ರೆಗೆ ಕೈಗಳು ಸಿಕ್ಕವು. ಯಾರಿಗೆ ಎಷ್ಟು ಲಾಭವಾಯಿತು ಎಂಬ ಲೆಕ್ಕದ ಚರ್ಚೆ ಮಾತ್ರ ನಡೆಯಲೇ ಇಲ್ಲ. ಪಿಪಿಪಿ (ಸರ್ಕಾರಿ-ಖಾಸಗಿ ಸಹಭಾಗಿತ್ವ) ಎಂಬ ಮೂರಕ್ಷರ ಕೇಳಿದರೆ ಬೀದಿಗಿಳಿಯುವವರಿಗೆ ಕಣ್ಣೆದುರಿನ ಈ ಆರು ದಶಕದ ಪ್ರಯೋಗ ಯಾಕೆ ವಿಷಯವಾಗಲಿಲ್ಲವೋ ನಾನರಿಯೆ.

ಎರಡೂ ಪಕ್ಷದವರು ಸೇರಿ ಮರೆತದ್ದು ತಾಲೂಕು ಆಸ್ಪತ್ರೆಯನ್ನು. ಬೆಳಿಗ್ಗೆ ಒಪಿಡಿ ಚೀಟಿಯ ಸಾಲಿನಲ್ಲಿ ನಿಲ್ಲುವವರು ಹಾವು ಕಡಿದವರು, ಹೆರಿಗೆಯವರು, ಜ್ವರದ ಮಕ್ಕಳು, ಬಿಪಿ ಮಾತ್ರೆ ಮುಗಿದ ಮುದುಕರು. ಇವರಲ್ಲಿ ಯಾರೂ ಆರೋಗ್ಯಶ್ರೀಯ ಅಧ್ಯಯನದೊಳಗೆ ಇಲ್ಲ. ಇತ್ತೀಚಿನ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಆಯ್ದ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ದೂರದ ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಪುಕ್ಕಟೆಯಾಗಿ ಕೊಡುವ ಏರ್ಪಾಡು. ದಾವಣಗೆರೆ ಮುಟ್ಟುವ ಮುಂಚೆಯೇ ಹೋಗಿಬಿಡುವವರನ್ನು ಹಿಡಿದು ನಿಲ್ಲಿಸುವ ಪ್ರಯತ್ನ ಅದು. ಇದಕ್ಕೆ ವಿದೇಶಿ ಪತ್ರಿಕೆಯ ಖ್ಯಾತಿ ಇನ್ನೂ ಬಂದಿಲ್ಲ.

2012ರಲ್ಲಿ ಯೋಜನೆ ದಕ್ಷಿಣಕ್ಕೂ ಬಂದು ಗೆರೆ ಅಳಿಸಿಹೋಯಿತು. ಅದೇ ಪರೀಕ್ಷೆಯನ್ನು ಮತ್ತೆ ಮಾಡುವಂತಿಲ್ಲ. ಆದರೆ 2018ರಿಂದ ಬೇರೊಂದು ಗೆರೆ ಇದೆ. ಆರೋಗ್ಯ ಕರ್ನಾಟಕ ಯೋಜನೆಯ 1650 ಚಿಕಿತ್ಸೆಗಳಲ್ಲಿ 171 ತುರ್ತಿನವು, ಅವಕ್ಕೆ ನೇರವಾಗಿ ಖಾಸಗಿಗೆ ಹೋಗಬಹುದು; ದೊಡ್ಡ ಚಿಕಿತ್ಸೆಯಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಒಂದೇ ಆಪರೇಷನ್ ಸರ್ಕಾರಿಯಲ್ಲಿ ಎಷ್ಟು ಜನಕ್ಕಾಯಿತು, ಖಾಸಗಿಯಲ್ಲಿ ಎಷ್ಟು ಜನಕ್ಕಾಯಿತು, ವರ್ಷದ ನಂತರ ಎಷ್ಟು ಜನ ಬದುಕಿದ್ದಾರೆ ಎಂಬುದನ್ನು ತಾಲೂಕುವಾರು ತೆಗೆಯಲು ಬೇಕಾದ ಬಿಲ್ಲುಗಳೆಲ್ಲ ಯೋಜನೆಯನ್ನು ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕವೇ ಹಾದುಹೋಗುತ್ತವೆ. ಮುಂದಿನ ಸಲ ಶೇ 64 ಎಂದು ಎದ್ದು ನಿಲ್ಲುವವರೂ, ಹುನ್ನಾರ ಎಂದು ಕೂಗುವವರೂ ಮೊದಲು ಆ ಲೆಕ್ಕ ಕೇಳಲಿ. ಜಗಳೂರು, ಹೊನ್ನಾಳಿಯಿಂದಲೇ ಶುರುಮಾಡಬಹುದು.