ಪ್ರಶ್ನೆ ಕೇಳಿದವರು ಉತ್ತರಕ್ಕೂ ಕಾಯಲಿ

1969ರ ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಡಲೇ ಇಲ್ಲ, ಅಮೆರಿಕದವರು ಸ್ಟುಡಿಯೋದಲ್ಲಿ ನಾಟಕವಾಡಿ ಅದನ್ನೇ ಲೋಕಕ್ಕೆ ತೋರಿಸಿದರು ಎಂಬ ಮಾತು ಇನ್ನೂ ಸತ್ತಿಲ್ಲ. 1976ರಲ್ಲಿ ಬಿಲ್ ಕೇಸಿಂಗ್ ಎಂಬಾತ ಇದನ್ನೇ ಪುಸ್ತಕ ಮಾಡಿದ. 2001ರ ಫೆಬ್ರವರಿಯಲ್ಲಿ ಅಲ್ಲಿನ ಫಾಕ್ಸ್ ಟೆಲಿವಿಷನ್ ಇದೇ ವಾದದ ಮೇಲೆ ಒಂದು ಕಾರ್ಯಕ್ರಮ ಪ್ರಸಾರ ಮಾಡಿತು. ನನ್ನ ತಕರಾರು ಆ ಕಾರ್ಯಕ್ರಮದ ಬಗ್ಗೆ.

ಅದು ಕೇಳುವ ಪ್ರಶ್ನೆಗಳು ಕೆಟ್ಟವಲ್ಲ. ಗಾಳಿಯಿಲ್ಲದ ಕಡೆ ಬಾವುಟ ಹೇಗೆ ಅಲುಗಾಡಿತು? ಕಪ್ಪು ಆಕಾಶದಲ್ಲಿ ನಕ್ಷತ್ರಗಳೇಕಿಲ್ಲ? ತರಗತಿಯಲ್ಲಿ ಹುಡುಗಿಯೊಬ್ಬಳು ಹೀಗೆ ಕೇಳಿದರೆ ಶಹಬಾಸ್ ಎನ್ನುತ್ತೇನೆ. ಆದರೆ ಕೇಳಿದವಳು ಉತ್ತರ ಬರುವ ಮೊದಲೇ ಎದ್ದು ಹೋಗಬಾರದು. ಬಾವುಟದ ಮೇಲಂಚಿಗೆ ಅಡ್ಡಕೋಲು ಇತ್ತು. ಕಂಬವನ್ನು ನೆಲಕ್ಕೆ ತಿರುಪುವಾಗ ಬಟ್ಟೆ ಅಲುಗಿತು. ತಡೆಯಲು ಗಾಳಿಯಿಲ್ಲದ್ದರಿಂದ ಹೆಚ್ಚು ಹೊತ್ತು ಅಲುಗಿತು. ಇನ್ನು ನಕ್ಷತ್ರದ ಮಾತು. ಮೈಸೂರಿನ ದಸರಾ ದೀಪಾಲಂಕಾರದ ಫೋಟೋ ತೆಗೆದವರಿಗೆ ಗೊತ್ತು, ಅರಮನೆ ಚೆನ್ನಾಗಿ ಬಂದರೆ ಆಕಾಶ ಬರೀ ಕಪ್ಪು. ಚಂದ್ರನ ಮೇಲೆ ಆಗ ಹಗಲು. ಬಿಸಿಲಿಗೆ ಹೊಂದಿಸಿದ ಕ್ಯಾಮೆರಾದಲ್ಲಿ ನಕ್ಷತ್ರ ಮೂಡದು. ಇಷ್ಟು ಸರಳ ವಿವರಣೆ ಕೊಡಬಲ್ಲವರಿಗೆ ಆ ಕಾರ್ಯಕ್ರಮದಲ್ಲಿ ಸಿಕ್ಕ ಹೊತ್ತು ತೀರ ಕಡಿಮೆ.

ನಾಸಾದವರ ತಪ್ಪೂ ಇದೆ ಎನ್ನಿ. ಅಪೊಲೊ 11ರ ಮೂಲ ಟೇಪುಗಳನ್ನು ಅಳಿಸಿ ಮತ್ತೆ ಬಳಸಿರಬೇಕೆಂದು 2009ರಲ್ಲಿ ಅವರೇ ಹೇಳಿದರು. ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಆದರೆ ಪ್ರಸಾರದ ಪ್ರತಿಗಳು ಉಳಿದಿವೆ. ಆರು ಯಾನಗಳಲ್ಲಿ ತಂದ 382 ಕಿಲೋ ಕಲ್ಲುಮಣ್ಣಿದೆ. ನಮ್ಮ ಚಂದ್ರಯಾನ-2 ಕೂಡ 2021ರಲ್ಲಿ ಅಪೊಲೊ 11 ಇಳಿದ ಜಾಗದ ಚಿತ್ರ ತೆಗೆದಿದೆ.

ನನಗೆ ನೋವಾಗುವುದು ಇನ್ನೊಂದು ಕಾರಣಕ್ಕೆ. ಆ ಗಗನಯಾತ್ರಿಗಳ ಉಡುಪನ್ನು ಹೊಲಿದವರು ಡೆಲವೇರ್ ರಾಜ್ಯದ ಒಂದು ಕಂಪನಿಯ ಹೆಂಗಸರು. ಅವರಲ್ಲಿ ಕೆಲವರು ಅದಕ್ಕೆ ಮೊದಲು ಒಳಉಡುಪು ಹೊಲಿಯುತ್ತಿದ್ದವರು. ಬಟ್ಟೆಯ ಪದರದಲ್ಲಿ ಒಂದು ಗುಂಡುಸೂಜಿ ಉಳಿದರೂ ಜೀವಕ್ಕೆ ಅಪಾಯ. ಅದಕ್ಕಾಗಿ ಹೊಲಿದದ್ದಕ್ಕೆಲ್ಲ ಎಕ್ಸ್‌ರೇ ತೆಗೆಯುತ್ತಿದ್ದರು. ನಾಟಕದ ಬಟ್ಟೆಗೆ ಯಾರಾದರೂ ಎಕ್ಸ್‌ರೇ ತೆಗೆಯುತ್ತಾರೆಯೆ?

ಎಲ್ಲವೂ ಸುಳ್ಳು ಎನ್ನುವವರು ತಾವು ದೊಡ್ಡವರನ್ನು ಪ್ರಶ್ನಿಸುತ್ತಿದ್ದೇವೆಂದು ತಿಳಿದಿದ್ದಾರೆ. ಆದರೆ ಆ ಮಾತಿನ ಏಟು ಬೀಳುವುದು ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂತಿದ್ದ ಆ ಹೆಂಗಸರ ಮೇಲೆ.